ನೀರು ಕೇಳಿದ ಭಾಷೆ

ಇಪ್ಪತ್ತು ವರ್ಷ ಒಂದೇ ಸೂರಿನಡಿ ಉಂಡ ಮಾವನಿಗೆ ಕನ್ನಡ ಬರುತ್ತದೆ ಎಂಬ ಸಂಗತಿ ರಾಜಲಕ್ಷ್ಮಿಗೆ ಗೊತ್ತಾದದ್ದು ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ, ಉಪ್ಪಿಟ್ಟಿನ ತಟ್ಟೆಯ ಎದುರು. ಮುದುಕರು ಒಂದು ಚಮಚ ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು, ತಲೆಯೆತ್ತಿದರು.

"ಉಪ್ಪ ಕಡಿಮಿ ಆಗೈತಿ."

ರಾಜಲಕ್ಷ್ಮಿ ಉಪ್ಪಿನ ಡಬ್ಬಿ ತರಲು ಎದ್ದು ಎರಡು ಹೆಜ್ಜೆ ಹೋದವಳು ಅಲ್ಲೇ ನಿಂತುಬಿಟ್ಟಳು. ಮಾವ ಆಡಿದ್ದು ಇಂಗ್ಲಿಷೂ ಅಲ್ಲ, ಹೀಬ್ರೂವೂ ಅಲ್ಲ. ಅವಳು ಹುಟ್ಟಿ ಬೆಳೆದ ಧಾರವಾಡದ ಸಂತೆಯಲ್ಲಿ, ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಕೇಳುವ ಗಟ್ಟಿ ಕನ್ನಡ.

"ಏನಂದ್ರಿ?" ಎಂದಳು.

"ಉಪ್ಪ, ಉಪ್ಪ. ಕಿವಿ ಕೇಳಂಗಿಲ್ಲೇನು?"

ಶ್ಮುಯೆಲ್ ನವೇ ಎಂಬುದು ಅವರ ಹೆಸರು. ವಯಸ್ಸು ಎಂಬತ್ತಾರು. ಹೆಂಡತಿ ತೀರಿಕೊಂಡ ಮೇಲೆ ಇಸ್ರೇಲಿನಿಂದ ಹ್ಯೂಸ್ಟನ್ನಿನ ಉತ್ತರದ ದ ವುಡ್‌ಲ್ಯಾಂಡ್ಸಿಗೆ, ಮಗ ಯೋರಾಮನ ಮನೆಗೆ ಬಂದವರು. ಅವರು ಭಾರತದ ಯೆಹೂದ್ಯರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೊಂಕಣದ ಕಡಲಂಚಿನಲ್ಲಿ ನೂರಾರು ವರ್ಷ ಗಾಣ ತಿರುಗಿಸಿದ ಜನ. ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು ಶನಿವಾರದ ತೇಲಿಗಳು, ಅಂದರೆ ಶನಿವಾರದ ಗಾಣಿಗರು, ಎನ್ನುತ್ತಿದ್ದರಂತೆ. ಯಾವೂರು ಎಂದು ಕೇಳಿದರೆ ಮುದುಕರು "ಬಾಂಬೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಮದುವೆಗೆ ಮುಂಚೆ ಯೋರಾಮ್ ಅವಳನ್ನು ಪರಿಚಯಿಸಿದಾಗ ಅವರು "ಧಾರವಾಡ?" ಎಂದು ಒಮ್ಮೆ ಕೇಳಿ, ಆಮೇಲೆ ಕಿಟಕಿಯಾಚೆ ನೋಡುತ್ತ ಕೂತುಬಿಟ್ಟಿದ್ದರು. ಸೊಸೆ ಹಿಂದೂ ಎಂಬ ಬೇಸರ ಇರಬೇಕು ಎಂದು ರಾಜಲಕ್ಷ್ಮಿ ಅಂದುಕೊಂಡಿದ್ದಳು.

ಅವಳಿಗೆ ಮೊದಲು ಆದದ್ದು ಆಶ್ಚರ್ಯವಲ್ಲ, ನಾಚಿಕೆ. ನಾವು ಕನ್ನಡಿಗರು ಪರದೇಶಕ್ಕೆ ಕಾಲಿಟ್ಟ ಕೂಡಲೇ ಸುತ್ತಲಿನವರಿಗೆಲ್ಲ ಕಿವಿಯೇ ಇಲ್ಲವೆಂದು ತಿಳಿದುಬಿಡುತ್ತೇವೆ. ಪ್ರತಿ ಭಾನುವಾರ ಅವಳು ಇದೇ ಅಡುಗೆಮನೆಯಲ್ಲಿ ನಿಂತು, ಧಾರವಾಡದ ತಾಯಿ ವಿದ್ಯಾವತಿಯೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದಳು. ಮಾವ ನಾಲ್ಕು ಮಾರು ದೂರದಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದರು. ಮುದುಕರ ಹಟ, ಮುದುಕರ ಗೊರಕೆ, ಚಹಾ ತಣ್ಣಗಾಯಿತೆಂದು ಮೂರು ಸಲ ಬಿಸಿ ಮಾಡಿಸುವ ಚಾಳಿ, "ಇವರೊಬ್ಬರು ಬರದಿದ್ದರ ನಾ ಅರಾಮ ಇರ್ತಿದ್ದೆ ಅವ್ವಾ" ಎಂದು ಅತ್ತದ್ದು, ಎಲ್ಲವನ್ನೂ ಅವರು ಕೇಳಿಸಿಕೊಂಡಿದ್ದರು. ಒಂದು ದಿನವೂ ಮುಖ ಗಂಟಿಕ್ಕಿರಲಿಲ್ಲ. ಉಪ್ಪಿನ ಡಬ್ಬಿ ಹಿಡಿದುಕೊಂಡು ಅವಳು ಸಿಂಕಿನ ಕಡೆ ತಿರುಗಿ ಅತ್ತಳು.

ಸಂಜೆ ಆಫೀಸಿನಿಂದ ಬಂದ ಯೋರಾಮ್ ನಂಬಲಿಲ್ಲ. ಗಂಡ ಹೆಂಡತಿ ಆಡುವುದು ಇಂಗ್ಲಿಷಿನಲ್ಲಿ. ಅವಳ ಕನ್ನಡದ ಒಂದಕ್ಷರವನ್ನೂ ಅವನು ಕಲಿತಿರಲಿಲ್ಲ. ಅಪ್ಪನಿಗೆ ಮರಾಠಿ ಸ್ವಲ್ಪ ಬರುತ್ತಿದ್ದಿರಬಹುದು, ಅದೇ ಇರಬೇಕು ಎಂದ. ಮರುದಿನ ಅವಳೇ ಹಿತ್ತಲಲ್ಲಿ ಮಾವನ ಪಕ್ಕ ಕೂತು, ಕಾಗದ ಬಿಡಿಸಿದ ಹಾಗೆ ಒಂದೊಂದಾಗಿ ಕೇಳಿ ತಿಳಿದಳು. ಮುದುಕರ ಅಪ್ಪ ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್. ಮನೆಯಲ್ಲಿ ಮರಾಠಿ ಇದ್ದರೂ ಅವ್ವ ಧಾರವಾಡದ ಓಣಿಯಲ್ಲಿ ಬೆಳೆದವಳು, ಅವಳ ನಾಲಿಗೆಗೆ ಕನ್ನಡವೇ ಹಗುರ. ಆಗ ಅವರ ಹೆಸರು ನವಗಾಂವಕರ. ಅವ್ವ ಕರೆಯುತ್ತಿದ್ದದ್ದು 'ಸಾಮಾ' ಎಂದು. ಇಪ್ಪತ್ತೈದನೆಯ ವಯಸ್ಸಿನಲ್ಲಿ ವಿಧವೆ ತಾಯಿಯನ್ನು ಕರೆದುಕೊಂಡು ಇಸ್ರೇಲಿಗೆ ಹೋದರು. ಅಲ್ಲಿ ಮರುಭೂಮಿಯ ನಡುವೆ ಹೊಸದಾಗಿ ಎದ್ದ ಊರೊಂದರಲ್ಲಿ ಬಟ್ಟೆ ಗಿರಣಿಯ ಕೆಲಸ, ಎರಡು ಕೋಣೆಯ ಮನೆ.

ಡಾಕ್ಟರು ಇದು ಮರೆವಿನ ರೋಗದ ನಡೆಯೇ ಎಂದರು. ಕೊನೆಗೆ ಕಲಿತದ್ದು ಮೊದಲು ಹೋಗುತ್ತದೆ, ಮೊದಲು ಕಲಿತದ್ದು ಕೊನೆಯವರೆಗೆ ನಿಲ್ಲುತ್ತದೆ. ಹಾಗೆಯೇ ಆಯಿತು. ಇಂಗ್ಲಿಷು ಎರಡೇ ವಾರದಲ್ಲಿ ಹೋಯಿತು. ಹೀಬ್ರೂ ಏಪ್ರಿಲಿನಲ್ಲಿ ಅರ್ಧ ಅರ್ಧ ಉಳಿದಿತ್ತು. ಒಂದು ರಾತ್ರಿ ಊಟದ ಹೊತ್ತಿಗೆ ಯೋರಾಮ್ ಎಂದಿನಂತೆ ಹೀಬ್ರೂವಿನಲ್ಲಿ, "ಅಬ್ಬಾ, ಇವತ್ತು ಹೇಗಿದ್ದೀಯ?" ಎಂದು ಕೇಳಿದ. ಅಬ್ಬಾ ಎಂದರೆ ಅಪ್ಪ. ಮುದುಕರು ಮನೆಗೆ ಬಂದ ಅತಿಥಿಯನ್ನು ನೋಡುವ ಮರ್ಯಾದೆಯಿಂದ ಅವನನ್ನು ನೋಡಿ, ಸೊಸೆಯ ಕಡೆ ವಾಲಿದರು.

"ಇವರು ಯಾರು? ಏನಂತಾರ?"

"ಏನು ಹೇಳಿದರು?" ಯೋರಾಮ್ ಕೇಳಿದ.

"ಪಲ್ಯ ಚೆನ್ನಾಗಿದೆ ಅಂದರು," ಎಂದಳು ರಾಜಲಕ್ಷ್ಮಿ.

ಅಲ್ಲಿಂದ ಅವಳ ಸುಳ್ಳು ಶುರುವಾಯಿತು. ಮುದುಕರು "ಈ ಮನಷ್ಯಾ ದಿನಾ ಯಾಕ ನಮ್ಮ ಮನಿಗೆ ಉಣ್ಣಾಕ ಬರ್ತಾನ" ಎಂದರೆ ಅವಳು "ನಿನಗೆ ಸುಸ್ತಾಗಿದೆ ಅಂತಿದ್ದಾರೆ" ಎನ್ನುವಳು. ಯೋರಾಮ್ ಖುಷಿಯಿಂದ ಅಪ್ಪನ ಕೈ ತಟ್ಟುವನು. ಆ ಖುಷಿ ನೋಡಲಾರದೆ ಅವಳು ಪಲ್ಯ ತರುವ ನೆಪದಲ್ಲಿ ಎದ್ದುಬಿಡುವಳು.

ಆರೈಕೆಯ ಕೆಲಸವೂ ಹೆಚ್ಚಿತು. ದಿನಕ್ಕೆರಡು ಸಲ ಹಾಸಿಗೆ ಬದಲಿಸಬೇಕು. ಹಗಲು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸಿಗೆ ಮುದುಕರ ಮಾತು ತಿಳಿಯದೆ, ಮುದುಕರಿಗೆ ಅವಳದು ತಿಳಿಯದೆ ಇಬ್ಬರೂ ಕೂಗಾಡುವರು. ಒಂದು ಮಧ್ಯಾಹ್ನ ಅವರು "ಭೋಂಗಾ ಆತು, ಹೊತ್ತಾತು" ಎನ್ನುತ್ತ ಕಾರ್ಖಾನೆಯ ಸೈರನ್ನಿಗೆ ಹೊರಟ ಅಪ್ಪನಂತೆ ಬೂಟು ಹಾಕಿಕೊಂಡು ದೊಡ್ಡ ರಸ್ತೆಯವರೆಗೆ ನಡೆದುಬಿಟ್ಟಿದ್ದರು. ಪಕ್ಕದ ಮನೆಯವರು ಕೈಹಿಡಿದು ಕರೆತಂದರು.

ಆ ಸುದ್ದಿ ಕೇಳಿ ಯೋರಾಮನ ತಂಗಿ ಓರ್ಲಿ ಫೋನ್ ಮಾಡಿದಳು. ಅವಳಿರುವುದು ಡಾಲಸ್ ಹತ್ತಿರದ ಮರ್ಫಿಯಲ್ಲಿ. ಅಲ್ಲಿಗೆ ಅರ್ಧ ಗಂಟೆಯ ದಾರಿಯಲ್ಲಿ ಯೆಹೂದ್ಯ ವೃದ್ಧರ ಆರೈಕೆ ಮನೆಯೊಂದಿದೆ, ಶುಕ್ರವಾರ ಪ್ರಾರ್ಥನೆ ಇರುತ್ತದೆ, ಹೀಬ್ರೂ ಬಲ್ಲವರು ಬರುತ್ತಾರೆ, ಮೇ ತಿಂಗಳಿಗೆ ಒಂದು ಕೋಣೆ ಖಾಲಿಯಾಗುತ್ತದೆ ಎಂದಳು. ಯೋರಾಮ್ ಹೂಂ ಎಂದುಬಿಟ್ಟ. ಫೋನು ಇಟ್ಟ ಮೇಲೆ ರಾಜಲಕ್ಷ್ಮಿ ತೊಳೆಯುತ್ತಿದ್ದ ಪಾತ್ರೆಯನ್ನು ಸಿಂಕಿನಲ್ಲೇ ಬಿಟ್ಟಳು.

"ಅಲ್ಲಿ ಅವರ ಮಾತು ಯಾರಿಗೆ ಗೊತ್ತಾಗುತ್ತೆ?"

"ಇಲ್ಲಿ ಯಾರಿಗೆ ಗೊತ್ತಾಗುತ್ತೆ? ನಿನಗೊಬ್ಬಳಿಗೆ. ನೀನು ಆಫೀಸಿಗೆ ಹೋದಾಗ?"

"ನಾನು ಆರು ತಿಂಗಳು ರಜೆ ಹಾಕ್ತೀನಿ. ನೀನು ಹತ್ತು ಪದ ಕಲಿ. ನೀರು, ಊಟ, ಬಾ, ಕೂತ್ಕೋ. ನಾನು ಹೇಳಿಕೊಡ್ತೀನಿ."

"ಬೇಡ."

"ಹತ್ತೇ ಪದ, ಯೋರಾಮ್."

"ಬೇಡ ಅಂದೆನಲ್ಲ." ಅವನ ದನಿ ಒಡೆಯಿತು. "ಆ ಭಾಷೆ ನನ್ನ ಬಾಯಲ್ಲಿ ಬರೋದಿಲ್ಲ. ಕೇಳಬೇಡ ನನ್ನನ್ನ."

ಮೂರು ದಿನ ಗಂಡ ಹೆಂಡತಿ ಹಾಲು ತಂದೆಯಾ, ಬೀಗ ಹಾಕಿದೆಯಾ ಎಂಬಷ್ಟನ್ನೇ ಆಡಿದರು.

ವಾರದ ಕೊನೆಗೆ ಮಗಳು ಅನಘಾ ಆಸ್ಟಿನ್ನಿನಿಂದ ಬಂದಳು. ಅಲ್ಲಿ ಓದುತ್ತಿದ್ದ ಹುಡುಗಿ. ಅವ್ವನ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜ ಕನ್ನಡ ಆಡುತ್ತಾರೆ ಎಂದಾಗಿನಿಂದ ಅವಳು ಮುರುಕು ಮುರುಕಾಗಿ ಕನ್ನಡ ಆಡತೊಡಗಿದ್ದಳು. ಹಗಲಿನ ಹೆಂಗಸಿಗೆ ಅನುಕೂಲವಾಗಲೆಂದು ಹಳದಿ ಚೀಟಿಗಳ ಮೇಲೆ ನೀರು, ಊಟ, ನೋವು, ಚಳಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕೆಳಗೆ ಅರ್ಥ ಕೊಟ್ಟು ಫ್ರಿಜ್ಜಿಗೆ ಅಂಟಿಸಿದಳು. ಮರುದಿನ ನೋಡಿದರೆ 'ನೀರು' ಚೀಟಿ ಇರಲಿಲ್ಲ. ಉದುರಿ ಎಲ್ಲೋ ಹೋಗಿರಬೇಕೆಂದು ರಾಜಲಕ್ಷ್ಮಿ ಫ್ರಿಜ್ಜಿನ ಕೆಳಗೆ ಪೊರಕೆ ಆಡಿಸಿ ನೋಡಿ ಸುಮ್ಮನಾದಳು.

ಜಗಳ ಎದ್ದದ್ದು ಗೋಡೆಯ ಮೇಲಿನ ಪಟದಿಂದ. ಊಟದ ಮನೆಯಲ್ಲಿ ಇಸ್ರೇಲ್ ದೇಶದ ಮೊದಲ ಪ್ರಧಾನಿಯ ಫೋಟೋ ಇತ್ತು. ನೆತ್ತಿ ಬೋಳು, ಎರಡು ಕಡೆ ಬಿಳಿ ಕೂದಲು ಹಾರುತ್ತಿರುವ ಮುದುಕ, ವಲಸೆ ಬಂದವರೆಲ್ಲ ಹೀಬ್ರೂ ಒಂದನ್ನೇ ಆಡಬೇಕೆಂದು ಹಟ ಹಿಡಿದವರು. ಬಂದ ದಿನವೇ ಮಾವ ಅದನ್ನು ತಾವೇ ಮೊಳೆ ಹೊಡೆದು ತೂಗು ಹಾಕಿದ್ದರು.

"ಅಜ್ಜನ ಭಾಷೆ ಕಿತ್ಕೊಂಡವರ ಫೋಟೋ ನಮಗ್ಯಾಕೆ ಅಪ್ಪಾ?" ಎಂದಳು ಅನಘಾ.

ಯೋರಾಮ್ ಚಪಾತಿ ಕೆಳಗಿಟ್ಟ. "ನಿನಗೆ ಹೇಳೋದು ಸುಲಭ. ಎಪ್ಪತ್ತು ದೇಶದಿಂದ ಬಂದಿದ್ದರು ಜನ. ನಮ್ಮ ಕಟ್ಟಡದಲ್ಲೇ ಮೊರಾಕ್ಕೊದವರು, ರುಮೇನಿಯಾದವರು, ಇರಾಕಿನವರು. ಒಂದು ಮಗುವಿಗೆ ಜ್ವರ ಬಂದರೆ ಡಾಕ್ಟರಿಗೆ ಹೇಳೋಕೆ ಯಾರಿಗೂ ಬಾಯಿಲ್ಲ. ಒಂದು ಭಾಷೆ ಬೇಕಾಗಿತ್ತು. ಅದಿಲ್ಲದಿದ್ದರೆ ನಿನ್ನಜ್ಜನಿಗೆ ಮನೆಯೂ ಇರ್ತಿರಲಿಲ್ಲ, ನನಗೆ ಶಾಲೆಯೂ ಇರ್ತಿರಲಿಲ್ಲ."

"ಒಂದು ಭಾಷೆ ಕಲಿಸೋಕೆ ಇನ್ನೊಂದನ್ನ ಕೊಲ್ಲಬೇಕಿತ್ತಾ?"

"ಯಾರೂ ಕೊಲ್ಲಲಿಲ್ಲ," ಎಂದ ಯೋರಾಮ್. "ನಾವೇ ಬಿಟ್ವಿ," ಎಂದು ತಟ್ಟೆ ಎತ್ತಿಕೊಂಡು ಹೋದ.

ಅನಘಾ ಹಿಂದಿರುಗಿದ ಮೇಲೆ ಬಂದ ಶುಕ್ರವಾರ. ಯೆಹೂದ್ಯರ ಶನಿವಾರದ ಬಿಡುವು ಶುಕ್ರವಾರ ಸಂಜೆ ದೀಪ ಹಚ್ಚುವುದರೊಂದಿಗೆ ಶುರುವಾಗುತ್ತದೆ; ಆ ಮನೆಯಲ್ಲಿ ಅದಕ್ಕೆ ಅದರದೇ ಒಂದು ಪದ್ಧತಿ ಇತ್ತು. ಮಾಂಸವೇ ಒಳಗೆ ಬರದ ಅಡುಗೆಮನೆಯಾದ್ದರಿಂದ ಮಾಂಸ ಹಾಲು ಬೇರೆಯಿಡಬೇಕೆಂಬ ಅವರ ಧರ್ಮದ ನಿಯಮದ ತಕರಾರು ಇಲ್ಲ. ದೀಪ ಹಚ್ಚುವವಳು ರಾಜಲಕ್ಷ್ಮಿಯೇ. ದ್ರಾಕ್ಷಾರಸದ ಬದಲು ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತು, ಅದು ಮಾವನ ಕಡೆಯ ಪದ್ಧತಿ. ಅಂದು ಅವಳು ಸಿಹಿ ಅವಲಕ್ಕಿ ಕಲಸಿದ್ದಳು. ಕಾಯಿತುರಿ, ಏಲಕ್ಕಿ, ಸಕ್ಕರೆ. ಅವರ ಮನೆಗಳಲ್ಲಿ ಹರಕೆಗೆ ಇದನ್ನೇ ಮಲಿದಾ ಎಂದು ಮಾಡುತ್ತಿದ್ದರು ಎಂದು ಮಾವ ಹಿತ್ತಲಲ್ಲಿ ಹೇಳಿದ್ದರು. ಯೋರಾಮ್ ಇನ್ನೂ ಆಫೀಸಿನಲ್ಲಿದ್ದ. ದೀಪದ ಮುಂದೆ ತಲೆಯ ಮೇಲೆ ಸೆರಗು ಹೊದ್ದು ಅವಲಕ್ಕಿಯ ಬಟ್ಟಲು ಮುಂದಿಟ್ಟವಳನ್ನು ಮುದುಕರು ಬಹಳ ಹೊತ್ತು ನೋಡಿದರು. ಆಮೇಲೆ ಅವಳ ಕೈ ಹಿಡಿದರು.

"ಅವ್ವಾ, ಸಿಟ್ಟಾಗಬ್ಯಾಡ."

ಅವಳು ನಾನು ಅವ್ವನಲ್ಲ ಎನ್ನಲು ಬಾಯಿ ತೆರೆದಳು. ಮುದುಕರು ಬಿಡಲಿಲ್ಲ.

"ಹುಡುಗನ ತಪ್ಪಿಲ್ಲಬೇ. ಅಂವಾ ಸಣ್ಣಾಂವ. ಉತ್ತರ ಕೊಡಬ್ಯಾಡ ಅಂತ ನಾನ ಹೇಳಿದ್ದೆ. ನೀರ ಕೊಡ್ಲಿಲ್ಲ ಅಂತ ಅವನ ಮ್ಯಾಲೆ ಸಿಟ್ಟಾಗಬ್ಯಾಡ. ನನ್ನ ಬೈ."

ಹೇಳಿ ಮುದುಕರು ಅಳತೊಡಗಿದರು. ಸದ್ದಿಲ್ಲ, ಮೂಗಿನ ತುದಿಯಿಂದ ನೀರು ಅವಲಕ್ಕಿಯ ಬಟ್ಟಲಿಗೆ ಬೀಳುತ್ತಿತ್ತು. ರಾಜಲಕ್ಷ್ಮಿ ಸೆರಗಿನಿಂದ ಅವರ ಮುಖ ಒರೆಸಿದಳು. "ಸಿಟ್ಟಿಲ್ಲೋ ಸಾಮಾ, ಉಣ್ಣು," ಎಂದಳು. ಸತ್ತವಳ ಪರವಾಗಿ ಹಾಗೆನ್ನಲು ತನಗೇನು ಹಕ್ಕು ಎಂದು ಆಮೇಲೆ ಎಷ್ಟೋ ಸಲ ಅವಳಿಗೆ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಒಗೆದ ಬಟ್ಟೆ ಮಡಿಸುತ್ತ ಅವಳು ಗಂಡನನ್ನು ಕೇಳಿದಳು. ಅಪ್ಪನ ಬನಿಯನ್ನುಗಳಿಗೆ ಆರೈಕೆ ಮನೆಯವರು ಹೇಳಿದಂತೆ ಹೆಸರಿನ ಪಟ್ಟಿ ಹೊಲಿಯುತ್ತಿದ್ದ ಯೋರಾಮ್ ಸೂಜಿ ನಿಲ್ಲಿಸಿದ.

"ಯಾವ ಹುಡುಗನಿಗೆ ಉತ್ತರ ಕೊಡಬೇಡ ಅಂದಿದ್ದರು ಅಪ್ಪ?" ಎಂಬುದು ಅವಳ ಪ್ರಶ್ನೆ.

ಅವನು ಸೂಜಿಯನ್ನು ನೋಡುತ್ತಲೇ ಹೇಳಿದ.

ಆ ಮರುಭೂಮಿಯ ಊರಿನಲ್ಲಿ ಅಪ್ಪ ಮದುವೆಗೆ ಹೆಸರು ಬರೆಸಲು ಹೋದಾಗ ಅಲ್ಲಿನ ಧರ್ಮಗುರುಗಳು, ನೀವು ಭಾರತದವರು, ನಿಜವಾದ ಯೆಹೂದ್ಯರು ಹೌದೋ ಅಲ್ಲವೋ, ವಂಶದ ಲೆಕ್ಕ ಕೊಡಿ ಎಂದಿದ್ದರಂತೆ. ಆ ಅವಮಾನ ಅಪ್ಪನಿಗೆ ಆಳಕ್ಕೆ ನಾಟಿತ್ತು. ಹೆಸರು ಬದಲಿಸಿದರು. ದೇಶ ಕಟ್ಟಿದವರ ಪಟ ತಂದು ಗೋಡೆಗೆ ಹಾಕಿ, ಈ ಮನೆಯಲ್ಲಿ ಇನ್ನು ಹೀಬ್ರೂ ಒಂದೇ ಎಂದರು. ಮಗನಿಗೆ ಒಂದು ನಿಯಮ: ಬೇರೆ ಮಾತಿನಲ್ಲಿ ಕೇಳಿದವರಿಗೆ ಉತ್ತರ ಕೊಡಕೂಡದು. ಅಜ್ಜಿಗೆ ಕೂಡ. ಆಗ ಅವಳು ಬೇಗ ಕಲಿಯುತ್ತಾಳೆ. ಅಜ್ಜಿ ಕಲಿಯಲಿಲ್ಲ. ಹದಿಮೂರು ವರ್ಷ ಆ ಎರಡು ಕೋಣೆಯಲ್ಲಿ ಹೆಚ್ಚುಕಡಿಮೆ ಮೂಕಳಾಗಿದ್ದಳು.

"ನನಗೆ ಎಂಟು ವರ್ಷ. ಬೇಸಿಗೆ. ಅಜ್ಜಿ ಹಾಸಿಗೆ ಹಿಡಿದಿದ್ದಳು. ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದರು. ನಾನು ನೆಲದ ಮೇಲೆ ಕೂತು ಲೆಕ್ಕ ಮಾಡ್ತಿದ್ದೆ. ಅಜ್ಜಿ ನೀರು ಅಂದಳು."

'ನೀರು' ಎಂದ ಅವನ ಉಚ್ಚಾರ ಕೇಳಿ ರಾಜಲಕ್ಷ್ಮಿಯ ಕೈಯ ಬಟ್ಟೆ ಜಾರಿತು. ಅಷ್ಟು ಸರಿಯಾಗಿತ್ತು.

"ನನಗೆ ಗೊತ್ತಿತ್ತು ಅದರ ಅರ್ಥ. ಹೀಬ್ರೂವಿನಲ್ಲಿ ಮಾಯಿಮ್ ಅಂತ ಹೇಳು, ಆಗ ಕೊಡ್ತೀನಿ ಅಂದೆ. ಅವಳು ಮತ್ತೆ ನೀರು ಅಂದಳು. ನಾಲ್ಕು ಸಲ. ಆಮೇಲೆ ಕೇಳಲಿಲ್ಲ. ನಾನು ಲೆಕ್ಕ ಮುಗಿಸಿದೆ. ಅಪ್ಪ ಬಂದು ನೋಡಿದಾಗ ಅವಳ ತುಟಿ ಒಡೆದಿತ್ತು. ಏನಾಯ್ತು ಅಂತ ಕೇಳಿದರು, ಹೇಳಿದೆ. ನೀನು ಹೇಳಿದ ಹಾಗೇ ಮಾಡಿದೆ ಅಂತ ಹೆಮ್ಮೆಯಿಂದ ಹೇಳಿದೆ. ಮೂರು ದಿನಕ್ಕೆ ಅಜ್ಜಿ ಹೋದಳು."

"ಅಪ್ಪ ಬೈದರಾ?"

"ಇಲ್ಲ. ಆ ವಿಷಯ ಮತ್ತೆ ಎತ್ತಲೇ ಇಲ್ಲ. ನಲವತ್ತೆಂಟು ವರ್ಷ. ನನ್ನನ್ನ ನೋಡಿದಾಗೆಲ್ಲ ಅದೇ ನೆನಪಾಗ್ತಿರಬೇಕು ಅಂತ ನಾನು..."

ಆಗ ರಾಜಲಕ್ಷ್ಮಿ ಶುಕ್ರವಾರದ ಮಾತನ್ನು ಇದ್ದಂತೆಯೇ ಹೇಳಿದಳು. ಹುಡುಗನ ತಪ್ಪಿಲ್ಲ, ಅವನು ಸಣ್ಣವನು, ನಾನೇ ಹೇಳಿದ್ದೆ, ನನ್ನನ್ನು ಬೈ. ಯೋರಾಮ್ ಬನಿಯನ್ನಿನಲ್ಲಿ ಮುಖ ಮುಚ್ಚಿಕೊಂಡ. ಐವತ್ತಾರು ವರ್ಷದ ಗಂಡಸು ಅಷ್ಟು ಜೋರಾಗಿ ಅತ್ತದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

"ಅಪ್ಪ ನನಗೇ ಹೇಳಬಹುದಿತ್ತಲ್ಲ," ಎಂದ ಕೊನೆಗೆ. "ನನಗೆ ತಿಳಿಯೋ ಭಾಷೇಲಿ, ಒಂದೇ ಒಂದು ಸಲ."

ಅವನು ಎದ್ದು ಅಪ್ಪನ ಕೋಣೆಗೆ ಹೋಗಿ ಹೀಬ್ರೂವಿನಲ್ಲಿ ಏನೇನೋ ಹೇಳಿದ. ಮುದುಕರು ಮರ್ಯಾದೆಯಿಂದ ತಲೆಯಾಡಿಸುತ್ತ ಕೇಳಿದರು. ಒಂದಕ್ಷರವೂ ಅವರಿಗೆ ಮುಟ್ಟಲಿಲ್ಲ. ಮುಟ್ಟುವ ಕಾಲ ಮುಗಿದಿತ್ತು.

ಡಾಲಸ್ಸಿಗೆ ಕಳಿಸುವುದು ಬೇಡವೆಂದು ರಾಜಲಕ್ಷ್ಮಿ ಮತ್ತೊಮ್ಮೆ ಕೇಳಿದಳು. ಅದೇ ವಾರ ಮಾವ ಸ್ನಾನದ ಮನೆಯಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಎತ್ತಲು ಅವಳೊಬ್ಬಳಿಂದ ಆಗಲಿಲ್ಲ; ಗಂಡ ಆಫೀಸಿನಿಂದ ಬರುವವರೆಗೆ ಒದ್ದೆ ನೆಲದ ಮೇಲೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಮೇಲೆ ಅವಳು ಕೇಳಲಿಲ್ಲ.

ಮೇ ಎರಡನೆಯ ಭಾನುವಾರ ಮೂವರೂ ಕಾರಿನಲ್ಲಿ ಹೊರಟರು. ನಾಲ್ಕು ಗಂಟೆಯ ದಾರಿ. ಮುದುಕರು ಹಿಂದಿನ ಸೀಟಿನಲ್ಲಿ ಸೊಸೆಯ ಕೈಹಿಡಿದು, ಗದಗ ಬಂತೇನು ಎಂದು ನಾಲ್ಕು ಸಲ ಕೇಳಿದರು. ಇನ್ನೂ ದೂರ ಅದರಿ ಮಾಮಾ ಎಂದು ಅವಳು ನಾಲ್ಕು ಸಲವೂ ಹೇಳಿದಳು.

ಆರೈಕೆ ಮನೆ ಚೊಕ್ಕಟವಾಗಿತ್ತು. ಓರ್ಲಿ ಹೂ ತಂದಿಟ್ಟು ಕಾಗದಪತ್ರಕ್ಕೆ ಸಹಿ ಹಾಕಲು ಆಫೀಸಿನ ಕೋಣೆಗೆ ಹೋಗಿದ್ದಳು. ಯೋರಾಮ್ ಚೀಲದಿಂದ ಊಟದ ಮನೆಯ ಪಟ ತೆಗೆದು ಮೊಳೆಗೆ ಹಾಕಿದ, ಅದು ಒಂದು ಕಡೆ ವಾಲಿತು. ಮುದುಕರು ಅದನ್ನು ದಿಟ್ಟಿಸಿ ನೋಡಿದರು. "ಈ ಅಜ್ಜ ಯಾರಬೇ? ನಿಮ್ಮ ಕಡೆಯವರೇನು?" ಎಂದರು. ಏನೆಂದರು ಎಂದು ಯೋರಾಮ್ ಕೇಳಿದ. ರಾಜಲಕ್ಷ್ಮಿ ಹೇಳಿದಳು. ಅವನು ಪಟವನ್ನು ತೆಗೆಯಲಿಲ್ಲ, ನೆಟ್ಟಗೂ ಮಾಡಲಿಲ್ಲ.

ಕೋಣೆಯ ಆರೈಕೆಗೆ ಮಾರ್ತಾ ಎಂಬ ನಡುವಯಸ್ಸಿನ ಹೆಂಗಸು. ಅವಳು ದಿಂಬು ಸರಿಮಾಡುತ್ತಿರುವಾಗ ಮುದುಕರು ಒಣ ತುಟಿ ಸವರಿಕೊಂಡರು.

"ನೀರ."

ಮಾರ್ತಾ ನಗುತ್ತ ಇಂಗ್ಲಿಷಿನಲ್ಲಿ, "ಏನು ಬೇಕು ತಾತಾ, ಹೊದಿಕೆಯಾ?" ಎಂದಳು.

"ನೀರ. ನೀರ ಕೊಡ."

ರಾಜಲಕ್ಷ್ಮಿ ಏಳುವಷ್ಟರಲ್ಲಿ ಯೋರಾಮ್ ಎದ್ದಾಗಿತ್ತು. ಹೂಜಿಯಿಂದ ಲೋಟಕ್ಕೆ ಸುರಿದ, ಅರ್ಧ ನೆಲಕ್ಕೆ ಚೆಲ್ಲಿತು. ಅಪ್ಪನ ಕತ್ತಿನ ಹಿಂದೆ ಕೈಯಿಟ್ಟು ಕುಡಿಸಿದ. "ನೀರು," ಎಂದ. "ನೀರು, ಅಬ್ಬಾ. ನೀರು." ಮುದುಕರು ಪೂರಾ ಕುಡಿದು, ಉಸಿರು ಬಿಟ್ಟು, ಸೊಸೆಯ ಕಡೆ ತಿರುಗಿದರು.

"ಭಾಳ ಛಲೋ ಮನಷ್ಯಾ. ಕೇಳಿದ ಕೂಡ್ಲೇ ಕೊಟ್ಟ. ಯಾರ ಮಗಾ ಇಂವಾ?"

"ನಿಮ್ಮ ಮಗಾರಿ ಮಾಮಾ," ಎಂದಳು ರಾಜಲಕ್ಷ್ಮಿ. ಮುದುಕರು ನಕ್ಕರು. ತಮಾಷೆ ಮಾಡುತ್ತಾಳೆ ಎಂಬಂಥ ನಗು.

"ಏನಂದರು?" ಯೋರಾಮ್ ಕೇಳಿದ.

ಏಪ್ರಿಲಿನಿಂದ ಸುಳ್ಳು ಹೇಳುತ್ತ ಬಂದವಳು ಅಂದು ಸುಳ್ಳಾಡಲಿಲ್ಲ. ಒಳ್ಳೆಯ ಮನುಷ್ಯ, ಕೇಳಿದ ಕೂಡಲೇ ಕೊಟ್ಟ, ಯಾರ ಮಗ ಎಂದರು ಎಂದಳು. ಯೋರಾಮ್ ಖಾಲಿ ಲೋಟ ಕೆಳಗಿಟ್ಟ. ಆಮೇಲೆ ಅಂಗಿಯ ಜೇಬಿನಿಂದ ಮಡಿಚಿದ ಹಳದಿ ಚೀಟಿಯೊಂದನ್ನು ತೆಗೆದ. ಮೂಲೆ ಮಾಸಿದ, ಅನಘಾಳ ಕೈಬರಹದ ಚೀಟಿ. ಅದನ್ನು ಹಾಸಿಗೆಯ ತಲೆಯ ಕಡೆಗೆ ಗೋಡೆಗೆ ಒತ್ತಿ ಅಂಟಿಸಿ, ಮಾರ್ತಾಳನ್ನು ಹತ್ತಿರ ಕರೆದ. ನೀರು ಎಂದು ಅವಳ ಬಾಯಲ್ಲಿ ಮೂರು ಸಲ ಹೇಳಿಸಿದ.

"ಇದು ಯಾವ ಭಾಷೆ?" ಎಂದಳು ಅವಳು.

"ನನ್ನ ಅಜ್ಜಿಯದು," ಎಂದ ಯೋರಾಮ್. "ಇವರು ಹೀಗಂದರೆ ಆ ಕ್ಷಣವೇ ಕೊಡಿ. ಬೇರೆ ಮಾತಲ್ಲಿ ಕೇಳಲಿ ಅಂತ ಕಾಯಬೇಡಿ."